ಕೇಪಿನ ಕೋವಿ, ಮಸಿ, ಸುಟ್ಟ ಕೈ: ಈಡು ತುಂಬುವವರಿಗೊಂದು ಮಾರ್ಗದರ್ಶಿ

ಕೇಪಿನ ಕೋವಿಯಿಂದ (ಕೇಪು ಎಂಬ ಪುಟ್ಟ ತಾಮ್ರದ ಟೋಪಿಯ ಕಿಡಿಯಿಂದ ಹಾರುವ ಹಳೇ ಬಂದೂಕು) ಮುಖ, ಕೈ ಸುಟ್ಟುಕೊಂಡವರಲ್ಲಿ ನಾನು ಕಂಡ ಹೆಚ್ಚಿನವರಿಗೆ ಈಡು ಹೊಡೆಯುವ ಹೊತ್ತಿನಲ್ಲಿ ಏನೂ ಆಗಿರಲಿಲ್ಲ. ಎರಡನೇ ಈಡು (ಒಂದು ಸಲ ಹಾರಿಸಲು ತುಂಬುವ ಮದ್ದು, ಗುಂಡು) ತುಂಬುವಾಗ, ಮಸಿ ಅಂದರೆ ಕರಿಮದ್ದಿನ ಡಬ್ಬಿಯ ಮುಚ್ಚಳ ಹಾಕದೆ ಪಕ್ಕದಲ್ಲೇ ಇಟ್ಟುಕೊಂಡಾಗ, ಹಾರದೆ ಉಳಿದ ಕೋವಿಯನ್ನು ‘ಇದಕ್ಕೇನಾಯ್ತು’ ಅಂತ ತಿರುಗಿಸಿ ನೋಡುವಾಗ ಆದ ಅನಾಹುತಗಳೇ ಜಾಸ್ತಿ. ಗುಂಡು ಯಾವ ಕಡೆ ಹೋಗುತ್ತದೆ ಅನ್ನುವುದರ ಮೇಲೆ ಎಲ್ಲರಿಗೂ ನಿಗಾ ಇರುತ್ತದೆ. ಕೈಯಲ್ಲಿರುವ ಡಬ್ಬಿಯ ಮೇಲೆ ಇರುವುದಿಲ್ಲ.

ಈ ಬರಹ ನಳಿಕೆಯ ಬಾಯಿಂದ ಮಸಿ ತುಂಬುವ ಕೋವಿ ಇಟ್ಟುಕೊಂಡವರಿಗೆ. ಕೈಲ್‌ಪೊಳ್ದಿಗೆ ಆಯುಧ ಪೂಜೆ ಮಾಡಿ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಒಂದು ಈಡು ಹಾರಿಸುವ ಕೊಡಗಿನ ಮನೆಗಳು, ಅಡಿಕೆ ತೋಟಕ್ಕೆ ನುಗ್ಗುವ ಮಂಗ, ಹಂದಿಗಳನ್ನು ಬೆದರಿಸಲು ಅಜ್ಜನ ಕಾಲದ ಕೋವಿ ಉಳಿಸಿಕೊಂಡ ಮಲೆನಾಡಿನ ಮನೆಗಳು ಇದನ್ನು ಓದಲಿ ಅನ್ನುವುದು ನನ್ನ ಆಸೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಬೇರೆಯವರಿಗೆಲ್ಲ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇದ್ದರೂ 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ. ಕಳ್ಳಕೋವಿಗೆ ಇಲ್ಲಿ ಜಾಗವಿಲ್ಲ. ಆದರೆ ಅದರಿಂದ ಸುಟ್ಟುಕೊಂಡವನಿಗೂ ಚಿಕಿತ್ಸೆಯ ಭಾಗ ಓದುವ ಹಕ್ಕಿದೆ, ಅವನು ಮೊದಲು ಅದನ್ನೇ ಓದಲಿ.

ಮಸಿಯ ಗುಣ

ಇದ್ದಿಲು, ಗಂಧಕ, ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಸೇರಿದ ಕರಿಮದ್ದನ್ನೇ ನಮ್ಮ ಕಡೆ ಮಸಿ ಅನ್ನುವುದು. ಉರಿಯಲು ಬೇಕಾದ ಆಮ್ಲಜನಕ ಪೆಟ್ಲುಪ್ಪಿನೊಳಗೇ ಇರುವುದರಿಂದ ಹೊತ್ತಿದ ಮಸಿಯ ಮೇಲೆ ಮರಳು ಸುರಿದರೂ, ಗೋಣಿ ಮುಚ್ಚಿದರೂ ಅದು ಆರುವುದಿಲ್ಲ. ಆರಿಸಲು ಸಮಯವೂ ಇರುವುದಿಲ್ಲ. ಬಯಲಲ್ಲಿ ಚೆಲ್ಲಿದ ಒಂದು ಹಿಡಿ ಮಸಿ ಭುಸ್ಸೆಂದು ಹೊತ್ತಿ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಆದರೆ ಮುಚ್ಚಿದ ಡಬ್ಬಿಯಲ್ಲಿ, ಕೊಂಬಿನಲ್ಲಿ ಅದೇ ಮಸಿ ಬಾಂಬು.

ಎರಡನೇ ಸಂಗತಿ ಇನ್ನೂ ಮುಖ್ಯ. ಮಸಿ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನರೂಪದ ಕಿಟ್ಟವಾಗಿ ಉಳಿಯುತ್ತದೆ. ಅಷ್ಟು ದಟ್ಟ ಬಿಳಿ ಹೊಗೆ ಬರುವುದೂ, ನಳಿಕೆಯೊಳಗೆ ಕರಿ ಮೆತ್ತುವುದೂ ಅದರಿಂದಲೇ. ಆ ಕಿಟ್ಟದ ನಡುವೆ ಕಿಡಿ ಅಡಗಿರಬಹುದು. ನಮ್ಮಲ್ಲಿ ಮಸಿಯ ಮೇಲೆ ಜಡಿಯುವುದು ತೆಂಗಿನ ನಾರು ಅಥವಾ ಹಳೇ ಬಟ್ಟೆ. ತೆಂಗಿನ ನಾರು ಹೇಗೆ ಉರಿಯುತ್ತದೆ ಅಂತ ಸಂಜೆ ಸೊಳ್ಳೆಗೆ ಹೊಗೆ ಹಾಕುವವರಿಗೆ ಹೇಳಬೇಕಾಗಿಲ್ಲ. ಜ್ವಾಲೆ ಕಾಣದೆ ಒಳಗೊಳಗೇ ಕನಲುತ್ತಿರುತ್ತದೆ. ಅಂಥ ಒಂದು ಎಳೆ ನಳಿಕೆಯ ತಳದಲ್ಲಿ ಸಿಕ್ಕಿಕೊಂಡಿರುವಾಗ ಮೇಲಿಂದ ಹೊಸ ಮಸಿ ಸುರಿದರೆ ಏನಾಗುತ್ತದೆ, ಯೋಚಿಸಿ.

ಮೈಸೂರು ದಸರೆಯ ಜಂಬೂಸವಾರಿಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಹಾರುವುದನ್ನು ಟೀವಿಯಲ್ಲಾದರೂ ನೋಡಿರುತ್ತೀರಿ. ಸಿಎಆರ್ (ನಗರ ಸಶಸ್ತ್ರ ಮೀಸಲು ಪಡೆ) ಪೊಲೀಸರು ಅದಕ್ಕೆ ವಾರಗಟ್ಟಲೆ ತಾಲೀಮು ನಡೆಸುತ್ತಾರೆ. ಆನೆ ಕುದುರೆಗಳು ಸದ್ದಿಗೆ ಒಗ್ಗಿಕೊಳ್ಳಲಿ ಅಂತಷ್ಟೇ ಅಲ್ಲ, ಸಿಬ್ಬಂದಿಯ ಕೈ ಪಳಗಲಿ ಅಂತಲೂ. ಮುಂದಿನ ಸಲ ಸದ್ದು ಬಿಟ್ಟು ಅವರ ಕೈಗಳನ್ನು ನೋಡಿ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಉದ್ದ ಕೋಲಿನ ತುದಿಗೆ ಸುತ್ತಿದ ಒದ್ದೆ ಬಟ್ಟೆ ಫಿರಂಗಿಯ ಬಾಯೊಳಗೆ ಹೋಗಿ ಬರುತ್ತದೆ. ಒಳಗಿನ ಕಿಡಿ ಕೊಲ್ಲಲೆಂದೇ ಆ ಕೆಲಸ. ಫಿರಂಗಿಗೆ ಬೇಕಾದದ್ದು ನಿಮ್ಮ ಒಂಟಿ ನಳಿಕೆಗೂ ಬೇಕು.

ಯಾವ ಮದ್ದು ಹಾಕಬಾರದು

ತೋಟೆ (ಕಾರ್ಟ್ರಿಜ್) ಒಡೆದು ತೆಗೆದ ಮದ್ದನ್ನು ಕೇಪಿನ ಕೋವಿಗೆ ಹಾಕಬೇಡಿ. ಅದು ಹೊಗೆಯಿಲ್ಲದ ಮದ್ದು, ಅದರ ಒತ್ತಡಕ್ಕೆ ಹಳೇ ನಳಿಕೆ ತಡೆಯುವುದಿಲ್ಲ. ಸೀಳುವುದು ಸಾಮಾನ್ಯವಾಗಿ ಮಸಿ ಕೂರುವ ಹಿಂಭಾಗದಲ್ಲಿ, ನಿಮ್ಮ ಎಡಗೈಯ ಮತ್ತು ಮುಖದ ಹತ್ತಿರ. ಬೆಂಕಿಕಡ್ಡಿಯ ತಲೆ ಕೆರೆದ ಮದ್ದು ಇನ್ನೂ ಕೆಟ್ಟದ್ದು, ಗಜ (ಈಡು ಇಳಿಸುವ ಉದ್ದ ಕೋಲು) ಹಾಕಿ ಜಡಿಯುವ ತಿಕ್ಕಾಟಕ್ಕೇ ಹೊತ್ತಬಹುದು. ಪಟಾಕಿ ಬಿಚ್ಚಿ ತೆಗೆದದ್ದರ ಗುಣ ಯಾರಿಗೂ ಗೊತ್ತಿರುವುದಿಲ್ಲ. ಮಸಿಯನ್ನು ಲೈಸೆನ್ಸ್ ಇರುವ ಅಂಗಡಿಯಿಂದ, ನಿಮ್ಮ ಕೋವಿಯ ದಾಖಲೆ ಪುಸ್ತಕದಲ್ಲಿ ಬರೆದಿರುವಷ್ಟೇ ತನ್ನಿ. ಮನೆಯಲ್ಲಿ ಅರೆಯುವ ಸಾಹಸ ಬೇಡ.

ಇಡುವ ಜಾಗದ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಥಂಡಿ ಹಿಡಿಯಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವವರನ್ನು ನಾನೇ ನೋಡಿದ್ದೇನೆ. ಬೆಂಕಿಗೆ ಹತ್ತಿರದ ಜಾಗವನ್ನೇ ಹುಡುಕಿದ ಹಾಗಾಯಿತು! ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆಗಳನ್ನು ದಪ್ಪ ಗೋಡೆ ಕಟ್ಟಿ ಅರ್ಧ ನೆಲದೊಳಗೆ ಇಳಿಸಿರುವುದು ಸುಮ್ಮನೆ ಅಲ್ಲ. ನಿಮಗೆ ಅಷ್ಟೆಲ್ಲ ಬೇಡ, ಅಡುಗೆಮನೆ, ದೇವರ ದೀಪ, ಕರೆಂಟಿನ ಬೋರ್ಡು ಇವುಗಳಿಂದ ದೂರ, ಮಕ್ಕಳ ಕೈಗೆ ಸಿಗದ ಬೀಗದ ಪೆಟ್ಟಿಗೆ ಸಾಕು. ಕೇಪುಗಳ ಡಬ್ಬಿ ಬೇರೆ ಕಡೆ. ಮಸಿ ಒದ್ದೆಯಾದರೆ ಹಂಚಿನ ಮೇಲೆ, ಬಿಸಿಲಿನ ತಗಡಿನ ಮೇಲೆ ಒಣಗಿಸಬೇಡಿ. ಬಕೆಟ್ ತುಂಬ ನೀರಿಗೆ ಸುರಿದು ಕಲಕಿ, ಪೆಟ್ಲುಪ್ಪು ನೀರಿಗೆ ಹೋಗುತ್ತದೆ, ಉಳಿದದ್ದು ಮದ್ದಲ್ಲ. ನೀರನ್ನು ಬಾವಿ, ದನದ ಕೊಟ್ಟಿಗೆಯ ಹತ್ತಿರ ಚೆಲ್ಲದಿದ್ದರೆ ಆಯಿತು.

ಈಡು ತುಂಬುವ ಕ್ರಮ

ಬಟ್ಟೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ತುಂಬುತೋಳಿನ ಹತ್ತಿ ಅಥವಾ ಉಣ್ಣೆ ಬಟ್ಟೆ ಹಾಕಿ. ಪಾಲಿಯೆಸ್ಟರ್, ನೈಲಾನ್ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಈಗ ಬಾಡಿಗೆಗೆ ಸಿಗುವ ಕೆಲವು ಕುಪ್ಯಗಳ (ಕೊಡವರ ಉದ್ದನೆಯ ಅಂಗಿ) ಬಟ್ಟೆಯೂ ಸಿಂಥೆಟಿಕ್, ಹಬ್ಬದ ದಿನ ಈಡು ಹೊಡೆಯುವವರು ಅದನ್ನು ನೋಡಿಕೊಳ್ಳಬೇಕು, ಸೊಂಟಕ್ಕೆ ಸುತ್ತುವ ಚೇಲೆಯ ಇಳಿಬಿದ್ದ ತುದಿಯನ್ನು ಸಿಕ್ಕಿಸಿಕೊಳ್ಳಬೇಕು. ಕಣ್ಣಿಗೆ ಗಟ್ಟಿ ಕನ್ನಡಕ ಇಲ್ಲದೆ ಕೇಪಿನ ಕೋವಿ ಮುಟ್ಟಲೇಬಾರದು. ಕುದುರೆ (ಕೇಪಿಗೆ ಹೊಡೆಯುವ ಸುತ್ತಿಗೆಯಂಥ ಭಾಗ) ಬಡಿದಾಗ ಕೇಪು ಚೂರಾಗಿ ಹಾರುತ್ತದೆ, ಆ ತಾಮ್ರದ ಚೂರಿನ ಗುರಿ ಯಾವಾಗಲೂ ಹೊಡೆಯುವವನ ಕಣ್ಣಿನ ಮಟ್ಟದಲ್ಲೇ. ಕಿವಿಗೆ ಪ್ಲಗ್. ಬಕೆಟ್ ನೀರು, ಕಂಬಳಿ ಪಕ್ಕದಲ್ಲಿರಲಿ. ಬೀಡಿ, ಸಿಗರೇಟು, ಊದುಬತ್ತಿ ಹತ್ತಿರ ಸುಳಿಯಬಾರದು. ಮತ್ತೆ, ಒಂದು ಪೆಗ್ ಹಾಕಿದವರ ಕೈಗೆ ಕೋವಿ ಹೋಗಬಾರದು. ಹಬ್ಬದ ದಿನ ಇದನ್ನು ಹೇಳುವುದು ಕಷ್ಟ ಅಂತ ನನಗೆ ಗೊತ್ತು. ಮನೆಯ ಹಿರಿಯರು ಹೇಳಿದರೆ ನಡೆಯುತ್ತದೆ.

1. ಖಾಲಿಯಾ, ತುಂಬಿದೆಯಾ ನೋಡಿ. ಗಜವನ್ನು ನಳಿಕೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಮಾಡಿ. ಅದನ್ನು ನಳಿಕೆಯ ಹೊರಮೈಗೆ ಹಿಡಿದಾಗ ಗಜದ ತುದಿ ಕೇಪಿನ ಮಟ್ಟಕ್ಕೆ ಬಂದರೆ ಒಳಗೆ ಏನೂ ಇಲ್ಲ. ಖಾಲಿ ಇದ್ದಾಗ ಒಂದು, ಸರಿಯಾದ ಈಡು ಇದ್ದಾಗ ಇನ್ನೊಂದು ಗೆರೆಯನ್ನು ಗಜದ ಮೇಲೆ ಕಾಯಂ ಆಗಿ ಕೊರೆದಿಟ್ಟರೆ ಎರಡೆರಡು ಈಡು ತುಂಬುವ ಪ್ರಮಾದ ತಪ್ಪುತ್ತದೆ. ವರ್ಷಗಟ್ಟಲೆ ಗೋಡೆಗೆ ತೂಗುಹಾಕಿದ್ದ ಕೋವಿಯನ್ನಂತೂ ತುಂಬಿದೆ ಎಂದೇ ತಿಳಿಯಬೇಕು.

2. ಖಾಲಿ ಕೋವಿಗೆ ಒಂದು ಕೇಪು ಹಾಕಿ, ನಳಿಕೆಯ ಬಾಯಿಯನ್ನು ನೆಲದ ಮೇಲಿನ ಒಂದು ಹುಲ್ಲೆಸಳಿನ ಹತ್ತಿರ ಹಿಡಿದು ಹೊಡೆಯಿರಿ. ಎಸಳು ಅಲ್ಲಾಡಿದರೆ ದಾರಿ ತೆರೆದಿದೆ. ಅಲ್ಲಾಡದಿದ್ದರೆ ಎಣ್ಣೆ, ತುಕ್ಕು ಕಟ್ಟಿದೆ, ತೊಳೆದು ಒರೆಸದೆ ಮುಂದಕ್ಕೆ ಹೋಗಬೇಡಿ. ಅರ್ಧ ನಿಮಿಷದ ಈ ಕೆಲಸ ಮಾಡಿದರೆ ‘ಹಾರದ ಕೋವಿ’ಯ ತಲೆಬಿಸಿ ಬಹಳ ಕಡಿಮೆ.

3. ಡಬ್ಬಿಯಿಂದ ನೇರ ನಳಿಕೆಗೆ ಯಾವ ಕಾರಣಕ್ಕೂ ಸುರಿಯಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮಸಿ ಮೊದಲು ಅಳತೆಗೆ ಬರಬೇಕು, ಹಿತ್ತಾಳೆಯದ್ದೋ ಬಿದಿರಿನದ್ದೋ ಆ ಕೋವಿಗೆ ಗೊತ್ತು ಮಾಡಿದ ಅಳತೆ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ಐದಾರು ಮೀಟರ್ ದೂರದ ಪೆಟ್ಟಿಗೆಯಲ್ಲಿಡಬೇಕು. ಆಮೇಲಷ್ಟೇ ಅಳತೆಯಿಂದ ನಳಿಕೆಗೆ. ಒಳಗೆ ಕಿಡಿ ಇದ್ದು ಹೊತ್ತಿದರೂ ಆಗ ಸುಡುವುದು ಒಂದು ಅಳತೆ ಮಸಿ. ಡಬ್ಬಿ ಕೈಯಲ್ಲಿದ್ದರೆ ಡಬ್ಬಿಯೆಲ್ಲ. ಸುರಿಯುವಾಗ ನಳಿಕೆಯ ಬಾಯಿ ನಿಮ್ಮ ಮುಖದಿಂದ ಆಚೆಗೆ ವಾಲಿರಲಿ, ಮೇಲಿಂದ ಬಗ್ಗಿ ಇಣುಕಬೇಡಿ.

4. ನಾರು, ಚರೆ (ಸಣ್ಣ ಗುಂಡುಗಳು) ಅಥವಾ ಗುಂಡನ್ನು ಗಜದಿಂದ ಇಳಿಸುವಾಗ ಗಜದ ತುದಿಗೆ ಅಂಗೈ ಒತ್ತಬೇಡಿ. ನಳಿಕೆಯ ಬಾಯಿಗಿಂತ ಒಂದು ಗೇಣು ಮೇಲೆ ಬೆರಳುಗಳಿಂದ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಿ. ಅಕಸ್ಮಾತ್ ಹಾರಿದರೆ ಗಜ ಬೆರಳಿನ ನಡುವಿನಿಂದ ಜಾರಿ ಹೋಗುತ್ತದೆ, ಅಂಗೈ ತೂತಾಗುವುದಿಲ್ಲ. ಗುಂಡು ಮಸಿಯ ಮೇಲೆ ಸರಿಯಾಗಿ ಕೂತಿರಬೇಕು. ನಡುವೆ ಖಾಲಿ ಜಾಗ ಬಿಟ್ಟರೆ ನಳಿಕೆ ಉಬ್ಬುವುದೋ ಸೀಳುವುದೋ ಅಲ್ಲೇ.

5. ಕೇಪು ಕೊನೆಗೆ. ಹೊಡೆಯುವ ಜಾಗಕ್ಕೆ ಬಂದು, ಕೋವಿ ಗುರಿಯ ಕಡೆ ತಿರುಗಿದ ಮೇಲೆ. ಕೇಪು ಕೂರಿಸಿಕೊಂಡು ಗಜ ಆಡಿಸುವುದು, ತೋಟದ ಬೇಲಿ ದಾಟುವುದು, ಜೀಪು ಹತ್ತುವುದು ಇವು ಹಳೇ ಕಾಲದಿಂದಲೂ ಮನೆ ಮುರಿದ ಅಭ್ಯಾಸಗಳು.

6. ಈಡು ಹಾರಿದ ಮೇಲೆ ಸ್ವಲ್ಪ ತಡೆಯಿರಿ. ಗಜದ ತುದಿಗೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ಸುತ್ತಿ ತಳದವರೆಗೂ ಇಳಿಸಿ, ತಿರುಗಿಸಿ, ತೆಗೆಯಿರಿ. ನಂತರ ಒಣ ಬಟ್ಟೆ. ಅದಾದ ಮೇಲೆ ಮುಂದಿನ ಈಡು. ನಳಿಕೆಗೆ ಬಾಯಿ ಹಚ್ಚಿ ಹೊಗೆ ಊದಿ ತೆಗೆಯುವ ಚಾಳಿ ಕೆಲವರಿಗಿದೆ. ನೋಡಲು ಗತ್ತಾಗಿ ಕಾಣುತ್ತದೆ, ಮಾಡಬೇಡಿ.

ನೋಡುವವರು ಎಲ್ಲಿ ನಿಲ್ಲಬೇಕು? ಕೇಪು ಇರುವ ಮಗ್ಗುಲಲ್ಲಂತೂ ಅಲ್ಲ. ಹೆಚ್ಚಿನ ಕೋವಿಗಳಲ್ಲಿ ಅದು ಬಲಗಡೆ, ಕಿಡಿಯೂ ಚೂರೂ ಹಾರುವುದು ಅತ್ತಲೇ. ಹೊಡೆಯುವವರ ಹಿಂದೆ, ಎಡಕ್ಕೆ, ಎರಡು ಮೂರು ಮಾರು ಬಿಟ್ಟು ನಿಲ್ಲಲಿ. ವಿಡಿಯೋ ಮಾಡುವ ಹುಡುಗರಿಗೆ ಇದನ್ನು ಎರಡು ಸಲ ಹೇಳಿ.

ಟಪ್ ಅಂದು ಸುಮ್ಮನಾದರೆ

ಕುದುರೆ ಬಿತ್ತು, ಕೇಪು ಸಿಡಿಯಿತು, ಈಡು ಹಾರಲಿಲ್ಲ. ಕೋವಿಯನ್ನು ಇಳಿಸಬೇಡಿ, ತಿರುಗಿಸಬೇಡಿ, ಯಾರಿಗೂ ಕೊಡಬೇಡಿ. ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ನಿಲ್ಲಿ. ನನ್ನ ಲೆಕ್ಕ ಎರಡು ನಿಮಿಷ. ಒಳಗೆ ಕನಲುತ್ತಿರುವ ಮಸಿ ತಡವಾಗಿ ಹೊತ್ತುವುದು ಅಪರೂಪವೇನಲ್ಲ. ಆಮೇಲೆ ಹೊಸ ಕೇಪು ಹಾಕಿ ಇನ್ನೊಮ್ಮೆ ನೋಡಿ, ಮತ್ತೆ ಅಷ್ಟೇ ಕಾಯಿರಿ. ಆಗಲೂ ಹಾರದಿದ್ದರೆ ಕೇಪು ತೆಗೆದು, ನಳಿಕೆಯ ಬಾಯಿಗೆ ಅಡ್ಡ ಬರದೆ, ನೀರು ಹೊಯ್ದು ಮಸಿ ಪೂರ್ತಿ ನೆನೆಯಲು ಬಿಡಿ. ನಂತರ ಈಡನ್ನು ಹೊರಗೆಳೆಯುವ ಕೆಲಸ ಗೊತ್ತಿರುವವರದು. ಬಿಸಿ ಕಂಬಿ ತೂರಿಸುವುದು, ನಳಿಕೆ ಬಿಚ್ಚಿ ಒಲೆಗೆ ಹಿಡಿಯುವುದು ಇಂಥ ಉಪಾಯಗಳಿಗೆ ಕಿವಿಗೊಡಬೇಡಿ.

ಗುಂಡಿಲ್ಲದ ಈಡು ನಿರಪಾಯ ಅನ್ನುವ ನಂಬಿಕೆಯೂ ತಪ್ಪು. ಮದುವೆಗೆ, ಸಾವಿಗೆ, ಪುತ್ತರಿಗೆ ಹಾರಿಸುವ ಬರೀ ಮಸಿಯ ಈಡಿನಲ್ಲೂ ಉರಿಯುವ ನಾರು, ಬೆಂಕಿಯ ನಾಲಿಗೆ ಹೊರಬರುತ್ತವೆ. ಹತ್ತಿರದಿಂದ ತಾಗಿದರೆ ಮಾಂಸದೊಳಕ್ಕೇ ಹೊಗುತ್ತದೆ. ಪುತ್ತರಿ ಬರುವುದು ನವೆಂಬರ್ ಡಿಸೆಂಬರಿನಲ್ಲಿ, ಗದ್ದೆ ಒಣಗಿರುತ್ತದೆ, ಹುಲ್ಲಿನ ಬಣವೆ ಪಕ್ಕದಲ್ಲಿರುತ್ತದೆ. ಈಡು ಹಾರಿದ ಮೇಲೆ ನಾರು ಬಿದ್ದ ಜಾಗವನ್ನು ಒಬ್ಬರು ಹುಡುಕಿ ತುಳಿದು ನೀರು ಹಾಕಲಿ.

ಅಮೆರಿಕದಲ್ಲಿ ಇದನ್ನೇ ಹವ್ಯಾಸವಾಗಿ ಹಿಡಿದ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಹಳೇ ಮಾದರಿಯ ರಿವಾಲ್ವರುಗಳೂ ಸಿಗುತ್ತವೆ. ಅವುಗಳಲ್ಲಿ ಸಿಲಿಂಡರು ಮತ್ತು ನಳಿಕೆಯ ನಡುವಿನ ಸಂದಿನಿಂದ ಬಿಸಿ ಗಾಳಿ ಪಕ್ಕಕ್ಕೆ ಚಿಮ್ಮುತ್ತದೆ, ಇನ್ನೊಂದು ಕೈಯನ್ನು ಮುಂದೆ ಆನಿಸಿದರೆ ಸುಡುತ್ತದೆ. ಒಂದು ಕೋಣೆಯ ಕಿಡಿ ಪಕ್ಕದ ಕೋಣೆಗೆ ದಾಟಿ ಒಟ್ಟಿಗೇ ಹಾರುವುದೂ ಉಂಟು. ಕೋಣೆಗೆ ತಕ್ಕ ಗುಂಡು, ಕೇಪು ಹಾಕಿದರೆ, ಗುಂಡಿನ ಮೇಲೆ ಗ್ರೀಸ್ ಬಳಿದರೆ ಆ ಭಯ ಕಡಿಮೆ.

ಸುಟ್ಟರೆ

ಮೊದಲು ಬೆಂಕಿ. ಬಟ್ಟೆ ಹೊತ್ತಿದವರು ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು, ಮುಖಕ್ಕೆ ಕೈ ಮುಚ್ಚಿಕೊಂಡು. ಪಕ್ಕದವರು ಉಣ್ಣೆ ಕಂಬಳಿ ಹೊದಿಸಲಿ ಅಥವಾ ನೀರು ಸುರಿಯಲಿ. ಅದೇ ಹೊತ್ತಿಗೆ ಇನ್ನೊಬ್ಬರು ತುಂಬಿದ ಕೋವಿಯನ್ನೂ ಮಸಿ ಡಬ್ಬಿಯನ್ನೂ ಬೆಂಕಿಯಿಂದ ದೂರ ಮಾಡಲಿ. ಡಬ್ಬಿಯ ಹತ್ತಿರವೇ ಬೆಂಕಿ ಇದ್ದರೆ ಡಬ್ಬಿ ಬಿಟ್ಟು ಜನರನ್ನು ದೂರ ಮಾಡಿ.

ಆಮೇಲೆ ನೀರು. ಹರಿಯುವ ತಣ್ಣೀರನ್ನು ಸುಟ್ಟ ಜಾಗದ ಮೇಲೆ ಪೂರಾ 20 ನಿಮಿಷ ಬಿಡಿ. ಗಡಿಯಾರ ನೋಡಿಕೊಂಡೇ ಬಿಡಿ. ಎರಡು ಚೊಂಬು ಹೊಯ್ದು ‘ಸಾಕು’ ಅನ್ನುವವರೇ ಹೆಚ್ಚು. ತಕ್ಷಣ ಆಗದಿದ್ದರೆ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಐಸ್ ಬೇಡ. ಡಿಸೆಂಬರಿನ ಮಡಿಕೇರಿಯಲ್ಲಿ ನಲ್ಲಿ ನೀರೇ ಕೊರೆಯುತ್ತದೆ, ಹಾಗಾಗಿ ಸುಟ್ಟ ಜಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಕಂಬಳಿ. ಮಕ್ಕಳಾದರೆ ಇನ್ನೂ ಜಾಗ್ರತೆ. ಉಂಗುರ, ಬಳೆ, ವಾಚು ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ, ಸುತ್ತ ಕತ್ತರಿಸಿ.

ನಂತರ ತೊಳೆದ ಹತ್ತಿ ಪಂಚೆಯ ತುಂಡನ್ನೋ, ಅಡುಗೆಮನೆಯಲ್ಲಿ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಸಡಿಲವಾಗಿ ಹಾಸಿ ಮುಚ್ಚಿ, ಬಿಗಿದು ಸುತ್ತಬೇಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ, ಕಾಫಿಪುಡಿ, ಮೊಟ್ಟೆ, ದೋಸೆ ಹಿಟ್ಟು ಎಲ್ಲವನ್ನೂ ಹಚ್ಚಿಸಿಕೊಂಡು ಆಸ್ಪತ್ರೆಗೆ ಬರುವವರಿದ್ದಾರೆ. ಗಾಯದ ಆಳ ನೋಡಲು ಡಾಕ್ಟರು ಅದನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಸುಟ್ಟ ನೋವಿಗಿಂತ ಕಡಿಮೆಯಲ್ಲ. ಗುಳ್ಳೆ ಒಡೆಯಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸರಿ, ಬ್ರಾಂಡಿ ಅಲ್ಲ.

ಮಸಿಯ ಸುಟ್ಟಗಾಯಕ್ಕೆ ಒಂದು ವಿಶೇಷವಿದೆ. ಉರಿಯದ ಕಾಳುಗಳು ಚರ್ಮದೊಳಗೆ ಹೊಕ್ಕು ಕೂರುತ್ತವೆ. ಹಳೇ ಬೇಟೆಗಾರರ ಕೆನ್ನೆಯ ಮೇಲೆ, ಹುಬ್ಬಿನ ಹತ್ತಿರ ಎಳ್ಳು ಚೆಲ್ಲಿದಂತೆ ನೀಲಿಗಪ್ಪು ಚುಕ್ಕಿ ನೋಡಿದ್ದರೆ ಅದು ಇದೇ. ಮೊದಲ ಒಂದೆರಡು ದಿನದಲ್ಲಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಉಜ್ಜಿ ತೆಗೆದರೆ ಹೋಗುತ್ತದೆ. ಗಾಯ ಮಾಗಿದ ಮೇಲೆ ಲೇಸರ್‌ ಬೇಕು, ಪೂರ್ತಿ ಹೋಗುವ ಭರವಸೆಯೂ ಇಲ್ಲ. ಮನೆಯಲ್ಲಿ ಸೂಜಿಯಿಂದ ಕೀಳಲು ಹೋಗಬೇಡಿ. ‘ಚಿಕ್ಕ ಗಾಯ, ತಾನಾಗೇ ವಾಸಿಯಾಗುತ್ತೆ’ ಅಂತ ಮುಖದ ಗಾಯವನ್ನು ಬಿಟ್ಟವರು ಜೀವನಪೂರ್ತಿ ಆ ಗುರುತು ಹೊತ್ತಿರುತ್ತಾರೆ.

ಕಣ್ಣಿಗೆ ಮಸಿ ಅಥವಾ ಹೊಗೆ ತಾಗಿದ್ದರೆ ರೆಪ್ಪೆ ಬಿಡಿಸಿ ಶುದ್ಧ ನೀರಲ್ಲಿ 15–20 ನಿಮಿಷ ತೊಳೆಯಿರಿ, ಉಜ್ಜಬೇಡಿ. ಆದರೆ ಚೂರು ಚುಚ್ಚಿಕೊಂಡಿದ್ದರೆ, ರಕ್ತ ಬರುತ್ತಿದ್ದರೆ, ಗುಡ್ಡೆಯ ಆಕಾರ ಬದಲಾಗಿದ್ದರೆ ನೀರೂ ಬೇಡ, ಒತ್ತಡವೂ ಬೇಡ. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ ಅಂಟಿಸಿ ಹೊರಡಿ. ಕಿವಿ ಗುಂಯ್ ಅನ್ನುತ್ತಿದ್ದರೆ ಕೊಬ್ಬರಿ ಎಣ್ಣೆ ಬಿಡಬೇಡಿ, ತಮಟೆ ಹರಿದಿರಬಹುದು. ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಉಗುಳಿನಲ್ಲಿ ಕರಿ ಕಂಡರೆ ಉಸಿರಿನ ದಾರಿ ಊದಿಕೊಳ್ಳುವ ಸೂಚನೆ. ಕೂರಿಸಿಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೆರಳು ತುಂಡಾಗಿದ್ದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ. ತುಂಡನ್ನು ತೇವದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿಡಿ. ಬೆರಳಿಗೆ ನೇರ ಐಸ್ ತಾಗಬಾರದು.

ಯಾವ ಆಸ್ಪತ್ರೆ, ಏನು ಹೇಳಬೇಕು

ಗಾಯಾಳುವಿನ ಅಂಗೈ ಬೆರಳು ಸೇರಿ ಮೈಯ ಸುಮಾರು ಶೇ 1. ಆ ಲೆಕ್ಕದಲ್ಲಿ ಎಷ್ಟು ಸುಟ್ಟಿದೆ ಅಂತ ಫೋನಿನಲ್ಲೇ ಹೇಳಬಹುದು. ಮುಖ, ಕಣ್ಣು, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಅಳತೆ ನೋಡಬೇಕಾಗಿಲ್ಲ, ಹೋಗಲೇಬೇಕು. ಬೆಳ್ಳಗೆ ಅಥವಾ ತೊಗಲಿನಂತೆ ಗಡುಸಾಗಿ, ನೋವೇ ಇಲ್ಲದಿದ್ದರೆ ಅದು ಆಳದ ಗಾಯ, ‘ನೋವಿಲ್ಲ’ ಅಂತ ಸಮಾಧಾನ ಪಡಬೇಡಿ. 108ಕ್ಕೆ ಕರೆ ಮಾಡಿ. ಕೊಡಗಿನವರಿಗೆ ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಅಗತ್ಯ ಬಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರ, ಕಣ್ಣಿಗೆ ಮಿಂಟೋ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಆಸುಪಾಸು, 20 ನಿಮಿಷದ ನೀರು ಮುಗಿಸದೆ ಕಾರು ಹತ್ತಬೇಡಿ. ಉಸಿರಾಟದ ತೊಂದರೆ, ತಡೆಯದ ರಕ್ತಸ್ರಾವ ಇದ್ದರೆ ಮಾತ್ರ ಕಾಯಬಾರದು.

ಧನುರ್ವಾಯು ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಜುಲೈ 4ರ ಸಂಭ್ರಮ ಮುಗಿದ ಮೇಲೆ ಧನುರ್ವಾಯುವಿನಿಂದ ಸಾಯುವವರ ಸರದಿ ಶುರುವಾಗುತ್ತಿತ್ತು. ಹೆಚ್ಚಿನವು ಗುಂಡಿಲ್ಲದ, ಬರೀ ಮದ್ದಿನ ತೋಟೆಗಳು ಹುಡುಗರ ಅಂಗೈಗೆ ಹೊಡೆದ ಪುಟ್ಟ ಗಾಯಗಳು. ಹೊರಗೆ ಸಣ್ಣ ತೂತು, ಒಳಗೆ ಕಾಗದದ ಚೂರು, ಕೊಳೆ. ನಮ್ಮ ನಾರಿನ ಈಡಿನ ಗಾಯವೂ ಅದೇ ಜಾತಿಯದು.

ಇನ್ನು ಸುಳ್ಳಿನ ವಿಷಯ. ಕೋವಿ ಗಾಯ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಆ ಹೆದರಿಕೆಗೆ ‘ಪಟಾಕಿ ಸಿಡೀತು’, ‘ಗ್ಯಾಸ್ ಒಲೆ’ ಅನ್ನುವವರಿದ್ದಾರೆ. ಗ್ಯಾಸ್ ಒಲೆ ಅಂದರೆ ಡಾಕ್ಟರು ಚರ್ಮ ನೋಡುತ್ತಾರೆ, ಎಕ್ಸ್‌ರೇ ತೆಗೆಸುವುದಿಲ್ಲ. ಒಳಗೆ ಕೂತ ಚರೆ, ಕೇಪಿನ ಚೂರು, ನಾರು ಹಾಗೇ ಉಳಿದು ಕೀವಾಗುತ್ತದೆ. ಕಬ್ಬಿಣದ ಚೂರು ಕಣ್ಣೊಳಗಿರುವಾಗ ಎಂಆರ್‌ಐಗೆ ಹೋದರಂತೂ ಕಣ್ಣೇ ಹೋಗಬಹುದು. ಯಾವ ಮದ್ದು, ಗುಂಡಿತ್ತೋ ಇಲ್ಲವೋ, ಎಷ್ಟು ದೂರದಿಂದ, ಎಷ್ಟು ಹೊತ್ತಿಗೆ ಇವಿಷ್ಟನ್ನು ನಿಜ ಹೇಳಿ. ಕೇಸು ಆಮೇಲೂ ನಡೆಸಬಹುದು.

ಆ ಕೋವಿಯನ್ನು ತೊಳೆದು ಒರೆಸಿ ಗೋಡೆಗೆ ಹಾಕಬೇಡಿ. ಪೊಲೀಸರು ನೋಡುವವರೆಗೆ ಈಡು ಇಲ್ಲವೆಂದು ಖಚಿತ ಮಾಡಿಕೊಂಡು ಹಾಗೇ ಬೀಗ ಹಾಕಿಡಿ. ನಂತರ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ನಳಿಕೆಯ ಮೇಲೆ ಬೆರಳಾಡಿಸಿದಾಗ ಉಬ್ಬು ಸಿಕ್ಕರೆ, ಕೂದಲೆಳೆಯ ಬಿರುಕು ಕಂಡರೆ, ಕೇಪು ಕೂರುವ ಮೊಳೆ ಸಡಿಲವಾಗಿದ್ದರೆ ಅದರಲ್ಲಿ ಇನ್ನು ಈಡು ಹೊಡೆಯುವಂತಿಲ್ಲ. ಅಜ್ಜನ ಕೋವಿ ಆದರೂ ಅಷ್ಟೆ, ಕೈಲ್‌ಪೊಳ್ದಿಗೆ ಪೂಜೆಗೆ ಇಡಿ.